ಒಲೆಯ ಬಾಯಿಗೆ ಇಟ್ಟ ತಗಡು

ಈರಣ್ಣ, ಆ ತಗಡನ್ನು ತೆಗೆದುಕೊಂಡು ಹೋದವಳು ನಾನು. ನೀನು ಎರಡು ಸಲ ಕೇಳಿದೆ, ಎರಡು ಸಲವೂ ನೋಡಲಿಲ್ಲ ಎಂದೆ ನಾನು. ಆಗ ಅದು ನನ್ನ ಒಲೆಯ ಬಾಯಲ್ಲಿತ್ತು — ನೀನು ನಿಂತಲ್ಲಿಂದ ಹತ್ತು ಹೆಜ್ಜೆ, ಅಷ್ಟೇ.

ಮೂರನೇ ಕ್ಲಾಸಿನವರೆಗೆ ಹೋದವಳು ನಾನು, ಬರೆಯುವುದು ನಿಧಾನ. ಆದರೆ ಬಾಯಲ್ಲಿ ಹೇಳಲು ಹೊರಟರೆ ನಡುವೆ ಎಂತದಾದರೂ ಒಂದು ಸುಳ್ಳು ನುಸುಳುತ್ತದೆ, ಅದಕ್ಕೆ ಕಾಗದ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಬೇರೆಯವರು ಓದಿದರೂ ತಿಳಿಯಬೇಕು.

ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ನಮ್ಮ ಮನೆ, ಮನೆಯ ಎದುರಿಗೇ ಮಗ ಸುಧಾಕರನ ಗ್ಯಾರೇಜು. ನಾನು ಬುಟ್ಟಿ ಹೊತ್ತು ಮೀನು ಮಾರಿದವಳು, ಮೊಣಕಾಲು ಹೋದ ಮೇಲೆ ಅಂಗಳದಲ್ಲಿ ಕೂತವಳು. ನೀನು ಬಾಗಲಕೋಟೆ ಕಡೆಯಿಂದ ಕಾಂಕ್ರೀಟು ಹೊರಲು ಬಂದವ. ನಿನ್ನ ಕೈ ನೋಡಿ ಸುಧಾಕರ ಗ್ಯಾರೇಜಿಗೆ ಕರೆದ. ನಾಲ್ಕು ವರ್ಷದಲ್ಲಿ ಎಂಜಿನ್ ಕೆಲಸಕ್ಕೆ ನೀನೇ ಬೇಕು ಎಂದು ಗಿರಾಕಿಗಳು ಕಾಯುವ ಹಾಗಾಯಿತು.

ಮಣಿಪಾಲದ ಕಾಲೇಜಿನವರ ಕಾರುಗಳು ಆಗ ಬರತೊಡಗಿದ್ದವು. ಕಂಪೆನಿಯವರು ಮಾಡಿ ಕೊಟ್ಟ ಕಾರು ಅವರಿಗೆ ಸಾಲದು — ಓಟ ಬೇಕು, ಸದ್ದು ಬೇಕು. ಎಂಜಿನ್ನಿನ ಹೊಗೆ ಹೊರಗೆ ಬರುವಲ್ಲಿ ಇರುವ ದಪ್ಪ ಕಬ್ಬಿಣವನ್ನು ಬಿಚ್ಚಿ, ನಾಲ್ಕು ಬಾಗಿದ ಕೊಳವೆ ಸೇರಿ ಒಂದಾಗುವ ಹೊಸದನ್ನು ಹಾಕಿಸುತ್ತಿದ್ದರು. ಹೆಡರ್ ಎನ್ನುತ್ತಿದ್ದಿರಿ. ಇದೆಂತ ಮಾರಾಯ, ದನದ ಕೆಚ್ಚಲಿನ ಹಾಗೆ ಉಂಟು ಎಂದಿದ್ದೆ ನಾನು. "ಹಾಲ ಕೊಡೂದಿಲ್ಲ ಬಿಡ್ರಿ ಅವ್ವಾರ, ಬರೇ ಒದರತೈತಿ" ಎಂದಿದ್ದೆ ನೀನು.

ಆ ದಿನ ಬೆಳಗ್ಗಿನಿಂದ ಅಂಥದೇ ಒಂದು ಕೆಲಸ. ಸುಧಾಕರ ಸಾಮಾನು ತರಲು ಉಡುಪಿಗೆ ಹೋಗಿದ್ದ. ಹೊಸ ಕೊಳವೆ ಕೂತಿತು, ಆದರೆ ಹಳೆಯದರ ಮೇಲಿದ್ದ ಬಿಸಿ ತಡೆಯುವ ತಗಡು ಇದಕ್ಕೆ ಹೊಂದಲಿಲ್ಲ. ಕೊಳವೆ ಕೆಂಡದ ಹಾಗೆ ಕಾಯುತ್ತದೆ, ಪಕ್ಕದಲ್ಲೇ ವಯರಿನ ಕಟ್ಟು. ನೀನು ಆ ತಗಡನ್ನು ಕತ್ತರಿಸಿ, ನನ್ನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಡಿದು ಬಡಿದು ಬಗ್ಗಿಸಿದೆ. ಕೊಳವೆಗೆ ಹಿಡಿದು ನೋಡುವುದು, ಮತ್ತೆ ಬಡಿಯುವುದು. ನಾನು ಬೂತಾಯಿ ಮೀನು ಕೊಯ್ಯುತ್ತಾ ಎಲ್ಲ ನೋಡುತ್ತಿದ್ದೆ. ಬೇರೆ ಯಾರೂ ಅಲ್ಲಿರಲಿಲ್ಲ — ಇದು ನೆನಪಿರಲಿ.

ಎಂಜಿನ್ ಒಮ್ಮೆ ಚೆನ್ನಾಗಿ ಕಾದು ಪೂರ್ತಿ ತಣಿಯಬೇಕು, ಆಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ತಗಡು ಕೊನೆಗೆ. ಅದನ್ನು ಗೋಡೆಗೆ ಒರಗಿಸಿಟ್ಟು ನೀನು ಊಟಕ್ಕೆ ಹೋದೆ.

ಅಂಗಳದ ಒಲೆಯಲ್ಲಿ ನನ್ನ ಕುಚ್ಚಲಕ್ಕಿ ಅರ್ಧ ಬೆಂದಿತ್ತು. ಕಡಲಿನ ಗಾಳಿ ಬೆಂಕಿಯನ್ನು ನಿಲ್ಲಲು ಬಿಡುತ್ತಿರಲಿಲ್ಲ. ತಗಡು ಕಂಡಿತು. ಒಲೆಯ ಬಾಯಿಗೇ ಮಾಡಿದ ಹಾಗೆ ಬಾಗಿತ್ತು. ಇಟ್ಟೆ. ಬೆಂಕಿ ನಿಂತಿತು. ನೀನು ಅಷ್ಟು ಹೊತ್ತು ಬಡಿದದ್ದನ್ನು ಕಣ್ಣಾರೆ ನೋಡಿದವಳು ನಾನು, ಆದರೂ — ಅನ್ನ ಬೇಯುವಷ್ಟು ಹೊತ್ತು ಎಂದುಕೊಂಡೆ. ಗ್ಯಾರೇಜಿನ ಡಬ್ಬ, ಟಯರು ನಾನು ಮೊದಲಿಂದಲೂ ಎತ್ತಿಕೊಳ್ಳುತ್ತಿದ್ದವಳೇ. ಹಿಂದಿನ ತಿಂಗಳು ಮಾತ್ರ ಸುಧಾಕರ ಗಿರಾಕಿಗಳ ಎದುರೇ ಬೈದಿದ್ದ: ಇನ್ನೊಮ್ಮೆ ಮುಟ್ಟಿದರೆ ಹೆಜಮಾಡಿಗೆ, ಅಕ್ಕನ ಮನೆಗೆ ಕಳಿಸಿಬಿಡುತ್ತೇನೆ ಎಂದು.

ನೀನು ಬಂದು ಕೇಳಿದಾಗ ತಗಡು ಮಸಿ ಹಿಡಿದು ಕಪ್ಪಾಗಿತ್ತು. ನೋಡಲಿಲ್ಲ ಎಂದು ಬಾಯಿಗೆ ಬಂತು. ಇವನು ಆಚೆ ಹೋಗಲಿ, ಎಳೆದು ತೊಳೆದು ಇಟ್ಟುಬಿಡುವ ಎಂದುಕೊಂಡೆ. ನೀನು ಆಚೆ ಹೋಗಲಿಲ್ಲ. ಕಾರಿನ ಕೆಳಗೆ ಹುಡುಕಿದೆ, ಗುಜರಿ ರಾಶಿ ಕೆದಕಿದೆ. ಅಷ್ಟರಲ್ಲಿ ಆ ಕಾರಿನ ಒಡೆಯ, ಕಾಲೇಜಿನ ಹುಡುಗ, ಬಂದ. ಕಾರ್ಕಳದಲ್ಲಿ ಸ್ನೇಹಿತರು ಕಾಯುತ್ತಿದ್ದಾರೆ, ಈಗಲೇ ಬೇಕು ಎಂದ. ನಾಳೆ ಕೊಡುತ್ತೇನೆ ಎಂದು ನೀನು. ಆಗುವುದಿಲ್ಲ ಎಂದು ಅವನು. ನೀನು ಮತ್ತೆ ನನ್ನ ಹತ್ತಿರ ಬಂದೆ, ಒಲೆಯ ಕಡೆಗೇ ಬಂದೆ — ನಾನು ಒಲೆಗೆ ಅಡ್ಡವಾಗಿ ಸರಿದು ಕೂತೆ. ನಿನ್ನನ್ನು ಅಲ್ಲಿಂದ ಸಾಗಿಸಬೇಕಿತ್ತು. ಹೇಳಿಬಿಟ್ಟೆ:

"ನೋಡಲಿಲ್ಲ ಅಂದೆನಲ್ಲ. ಕೊಟ್ಟು ಕಳಿಸು ಮಾರಾಯ. ಒಂದು ತಗಡು ಇಲ್ಲದಿದ್ದರೆ ಎಂತ ಆಗುತ್ತದೆ?"

ಮಾಲಕನ ತಾಯಿ ಹೇಳಿದ ಮೇಲೆ ನೀನು ಎಂತ ಮಾಡುತ್ತೀ. ವಯರನ್ನು ಆದಷ್ಟು ಹಿಂದಕ್ಕೆ ಎಳೆದು ಕಟ್ಟಿದೆ. ನಿಧಾನ ಹೋಗಿ, ನಾಳೆ ಖಂಡಿತ ತನ್ನಿ ಎಂದು ಮೂರು ಸಲ ಹೇಳಿದೆ. ಅವನು ನಿಧಾನ ಹೋಗುವವನೇ?

ಬೆಳ್ಮಣ್ ದಾಟಿದ ಮೇಲೆ ವಯರು ಕರಗಿ ಬೆಂಕಿ ಹತ್ತಿತು. ಕಾರಿನ ಮುಂದಿನ ಅರ್ಧ ಹೋಯಿತು. ಬಾನೆಟ್ಟು ಎತ್ತಲು ಹೋಗಿ ಅವನ ಬಲಗೈ ಸುಟ್ಟಿತು. ಅದಕ್ಕೂ ನಾನೇ ಕಾರಣ. ಅವನ ಹೆಸರು ಸಹ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಸುಧಾಕರ ಅಂಗಳದಲ್ಲಿ ನಿಂತು ಕೂಗಿದ್ದು ನಿನಗೆ ಮರೆತಿರಲಿಕ್ಕಿಲ್ಲ. ತಗಡು ಮಾಡಿದ್ದನಂತೆ, ಕಾಣೆಯಾಯಿತಂತೆ, ಯಾರಿಗೆ ಕತೆ ಹೇಳುತ್ತೀ, ನೀನು ಮಾಡಲೇ ಇಲ್ಲ ಎಂದ. ಕಾರು ಕೊಡಲು ಯಾರು ಹೇಳಿದ್ದು ಎಂದ. ನೀನು ನನ್ನ ಕಡೆ ನೋಡಿದೆ. ನಾನು ಮೀನಿನಿಂದ ತಲೆ ಎತ್ತಲಿಲ್ಲ. ನೀನು ನನ್ನ ಹೆಸರು ಹೇಳಲಿಲ್ಲ.

"ನಂದ ತಪ್ಪ್ರಿ ಮಾಲಕರ" ಎಂದೆ. ಸ್ಪ್ಯಾನರುಗಳನ್ನು ಒರೆಸಿ ಜಾಗದಲ್ಲಿಟ್ಟು ಹೊರಟು ಹೋದೆ.

ತಗಡನ್ನು ನಾನು ಅದೇ ವಾರ ಗುಜರಿಯವನ ಗಾಡಿಗೆ ಹಾಕಿದೆ. ಉಡುಪಿ, ಕಾರ್ಕಳ, ಎಲ್ಲ ಗ್ಯಾರೇಜಿಗೂ ಸುದ್ದಿ ಹೋಯಿತು, ಕಾರು ಸುಟ್ಟವನು ಎಂದು. ಯಾರೂ ನಿನ್ನ ಕೈಗೆ ಎಂಜಿನ್ ಕೊಡಲಿಲ್ಲ. ಎಲ್ಲ ನನಗೆ ಗೊತ್ತಿತ್ತು. ಊಟ ಮಾಡಿದೆ, ಮಲಗಿದೆ, ಎದ್ದೆ.

ಇಷ್ಟೇ ಆಗಿದ್ದರೆ ಬಹುಶಃ ಬರೆಯುತ್ತಿರಲಿಲ್ಲ. ನಾನು ಅಂಥವಳೇ. ಆದರೆ ಕೆಲವು ವರ್ಷ ಕಳೆದು ಕಣ್ಣು ತೋರಿಸಲು ಮಣಿಪಾಲಕ್ಕೆ ಹೋದವಳು ಒಂದು ಫ್ಲ್ಯಾಟು ಕಟ್ಟುವಲ್ಲಿ ನಿನ್ನನ್ನು ಕಂಡೆ. ತಲೆಯ ಮೇಲೆ ಸಿಮೆಂಟು ಚೀಲ. ನಾನು ಮುಖ ತಿರುಗಿಸುವಷ್ಟರಲ್ಲಿ ನೀನು ಚೀಲ ಇಳಿಸಿ ಬಂದೆ, ಆರಾಮ ಅದೀರೇನ್ರಿ ಅವ್ವಾರ ಎಂದೆ, ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿದೆ. ದಾಟಿದ ಮೇಲೆ ಕೈ ಬಿಡದೆ ನಿಂತೆ.

"ಅವ್ವಾರ, ಆ ತಗಡ ನಾ ಮಾಡಿದ್ನಿ ಹೌದಿಲ್ರಿ? ನೀವ್ ಅಲ್ಲೇ ಕುಂತಿದ್ರಿ. ಎಲ್ಲಾರೂ ಅಂದೂ ಅಂದೂ... ಒಮ್ಮೊಮ್ಮಿ ನನಗೂ ಮಾಡೇ ಇಲ್ಲ ಅನಸತೈತಿ."

"ನನಗೆ ನೆನಪಿಲ್ಲ" ಎಂದೆ ನಾನು.

ಹೌದು ಬಿಡ್ರಿ, ಭಾಳ ವರ್ಷ ಆತು ಎಂದು ನೀನು ಚೀಲದ ಕಡೆ ಹೋದೆ.

ಮೊದಲ ಸುಳ್ಳಿಗೆ ಹೆದರಿಕೆ ಇತ್ತು ಎನ್ನಬಹುದು. ಇದಕ್ಕೆ? ಅಲ್ಲಿ ಸುಧಾಕರ ಇರಲಿಲ್ಲ, ಬೈಯುವವರು ಯಾರೂ ಇರಲಿಲ್ಲ. ಕೆಲಸ ಹೋದವನಿಗೆ ಇನ್ನೊಂದು ಕೆಲಸ ಸಿಗುತ್ತದೆ. ತನ್ನ ಕೈಯನ್ನೇ ನಂಬದ ಹಾಗೆ ಆದವನಿಗೆ — ನನಗೆ ಗೊತ್ತಿಲ್ಲ. ಆ ದಿನದಿಂದ ಕೂತಲ್ಲಿ ಕೂರಲಾಗುವುದಿಲ್ಲ. ಅಂಗಳಕ್ಕೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ.

ಮೊನ್ನೆ ಸುಧಾಕರನಿಗೆ ಹೇಳಿದೆ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ ಅವನು. ಆಮೇಲೆ, "ಬಿಡಮ್ಮ, ಈಗ ಅದನ್ನು ಯಾರು ಕೇಳುತ್ತಾರೆ?" ಎಂದ.

ಈರಣ್ಣ ಕೇಳಿದ್ದಾನೆ ಎಂದೆ.

ಕಾಪುವಿನ ಎರಡು ಗ್ಯಾರೇಜಿಗೆ ನಾನೇ ಹೋಗಿ ಹೇಳಿ ಬಂದೆ. ಒಬ್ಬ ನಕ್ಕ. ನಗಲಿ. ಆ ಫ್ಲ್ಯಾಟಿನಲ್ಲಿ ಈಗ ಜನ ಇದ್ದಾರೆ, ಕಟ್ಟಿದವರು ಎಲ್ಲಿಗೆ ಹೋದರೆಂದು ವಾಚ್‌ಮನ್‌ಗೆ ಗೊತ್ತಿಲ್ಲ. ಸೋಮವಾರದಿಂದ ಒಂದೊಂದು ಕಟ್ಟಡಕ್ಕೂ ಹೋಗಿ ವಿಚಾರಿಸುತ್ತೇನೆ. ಸಿಕ್ಕಿದರೆ ಬರೇ ಕಾಗದ ಕೊಟ್ಟು ಬರುವುದಿಲ್ಲ. ನಿನ್ನ ಜೊತೆ ಕೆಲಸ ಮಾಡುವವರ ಎದುರು ನಿಂತು ಬಾಯಲ್ಲೇ ಹೇಳುತ್ತೇನೆ. ನೀನು ಬೈದರೆ ನಿಂತು ಕೇಳುತ್ತೇನೆ. ಸಿಗದಿದ್ದರೆ, ಇದನ್ನು ಓದಿದ ಯಾರಾದರೂ ನಿನಗೆ ಇಷ್ಟು ಮುಟ್ಟಿಸಲಿ —

ಹೌದು ಈರಣ್ಣ, ನೀನು ಮಾಡಿದ್ದೆ. ನಾನು ನೋಡಿದ್ದೇನೆ.