ಹಳೇ ಕಂಪ್ಯೂಟರ್ ಕೊಳ್ಳಲು ಹೋದದ್ದು

ಗೆಳೆಯರೇ, ಇವತ್ತು ಕನಕಪುರದಿಂದ ಬರಿಗೈಲಿ ಬಂದೆ. ಹಿಂದೆ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಸಿದ್ದಲಿಂಗಪ್ಪನವರ ಅಟ್ಟದಲ್ಲಿ ಟಿವಿಗೆ ಜೋಡಿಸುವ ಹಳೇ ಕಂಪ್ಯೂಟರ್ ಇದೆ. ಅದರ ಆಟಗಳು ನನ್ನ ಲ್ಯಾಪ್‌ಟಾಪಿನಲ್ಲಿ ಓಡಬೇಕಾದರೆ ಅದರ ಚಿಪ್ಪಿನೊಳಗಿನ ಮೂಲ ಪ್ರೋಗ್ರಾಂ ಬೇಕು. ಕಂಪ್ಯೂಟರನ್ನೇ ಕೊಳ್ಳುತ್ತೇನೆ ಎಂದೆ.

"ಆ ಪ್ರೋಗ್ರಾಂ ನೆಟ್‌ನಲ್ಲಿ ಸಿಕ್ಕಾಕಿಲ್ವಾ?" ಎಂದರು ಸಿದ್ದಲಿಂಗಪ್ಪನವರು.

"ಪುಕ್ಕಟೆ ಸಿಗ್ತದೆ ಸಾರ್. ಆದ್ರೆ ಅದು ಕದ್ದ ಮಾಲು. ನಿಮ್ದು ಕೊಂಡ್ಕೊಂಡು ನಾನೇ ಕಾಪಿ ತೆಗೆದ್ರೆ ನ್ಯಾಯ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪುಕ್ಕಟೆ ಸಿಗೋದ ಬುಟ್ಟು ಮಾಗಡಿಯಿಂದ ಇಲ್ಲಿಗಂಟ ಬಂದಿದ್ದೀಯ ಅಂದ್ರೆ ಇದರೊಳಗೆ ಏನೋ ಐತೆ ಕಣಪ್ಪ."

ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ನನ್ನೆದುರೇ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನೆಟ್‌ನಿಂದ ಕದ್ದಿದ್ದರೆ ಇಷ್ಟು ಹೊತ್ತಿಗೆ ಆಟ ಆಡುತ್ತಿದ್ದೆ. ಕೊಳ್ಳಲು ಹೋಗಿ ಕಳ್ಳನ ಹಾಗೆ ಬಸ್ಸು ಹತ್ತಿದೆ.