ಚಹಾ ಬಣ್ಣದ ಜಿನಿಯಾ

ನಾನು ಅಜ್ಜಂಪುರದಲ್ಲಿ ರವಿಕೆ ಹೊಲಿಯುವವಳು. ಹೊಲಿಗೆ ಬಿಟ್ಟರೆ ನನಗಿರುವ ಹುಚ್ಚು ಜಿನಿಯಾ ಹೂವಿನದು. ಮನೆ ಮುಂದಿನ ಪಾತಿ ತುಂಬ ಅದೇ. ಅದನ್ನು ಕಂಡರೆ ನಮ್ಮ ಅತ್ತೆಗೆ ಆಗುತ್ತಿರಲಿಲ್ಲ.

"ವಾಸ್ನೆ ಇಲ್ಲ, ಮುಡಿಯೋಕಾಗಲ್ಲ. ಕಾಕಡ ಹಾಕು ಅಂದ್ರೆ ಈ ಕಾಗದದ ಹೂ ಹಾಕ್ಕೊಂಡು ಕೂತಿದೀಯಲ್ಲೇ!"

ಒಮ್ಮೆ ಯಾರದೋ ಕೆಂಪಂಚಿನ ಬಿಳಿ ಸೀರೆಗೆ ರವಿಕೆ ಹೊಲಿಯುತ್ತಿದ್ದಾಗ, ಇಂಥದ್ದೇ ಒಂದು ಜಿನಿಯಾ ಯಾಕಿರಬಾರದು ಎನಿಸಿತು. ಕಡೂರಿನಲ್ಲಿ ಕೊಂಡ ಬೀಜದಿಂದ ಬಂದ ಬಿಳಿ ಹೂ ಮನೆಯಲ್ಲೇ ಇತ್ತು. ತರೀಕೆರೆಯ ಗೆಳತಿ ಕೊಟ್ಟಿದ್ದ ಕಡುಗೆಂಪು ಹೂವೂ ಅರಳಿತ್ತು. ಎರಡನ್ನೂ ಕೂಡಿಸುವ ಬಗೆಯನ್ನು ಫೋನಿನಲ್ಲಿ ನೋಡಿ ಕಲಿತೆ. ಕೆಂಪು ಹೂವಿನ ನಡುವಿನಲ್ಲಿ ಅರಳುವ ಪುಟ್ಟ ಹಳದಿ ನಕ್ಷತ್ರಗಳನ್ನು ಹುಬ್ಬು ಕೀಳುವ ಚಿಮಟಿಗೆಯಿಂದ ಕಿತ್ತು, ಬಿಳಿ ಹೂವಿನ ಎಸಳುಗಳ ಬುಡದ ಎಳೆಗಳಿಗೆ ಸವರಿದೆ. ಚಿಟ್ಟೆ, ಜೇನು ಬಂದು ಕೆಡಿಸದಿರಲೆಂದು ಲಂಗದ ನೆಟ್ ಬಟ್ಟೆಯಲ್ಲಿ ಚೀಲ ಹೊಲಿದು ಹೂವಿಗೆ ಕಟ್ಟಿದೆ.

ಪಕ್ಕದ ಮನೆಯಾಕೆ ಗೇಟಿನಿಂದಲೇ ಕೂಗಿದರು: "ಏನ್ರೀ, ಹೂವಿಗೂ ರವಿಕೆ ಹೊಲಿದ್ರಾ?"

"ಮದ್ವೆ ಮಾಡ್ತಾವಳೆ ಕಣ್ರೀ," ಅತ್ತೆ ಜಗಲಿಯಿಂದಲೇ ಉತ್ತರಿಸಿದರು. "ಗಂಡು ತರೀಕೆರೆದು, ಹೆಣ್ಣು ಕಡೂರಿಂದು. ಜಾತ್ಕ ನೋಡಿದ್ಲೋ ಇಲ್ವೋ!"

ಹೂ ಒಣಗಿ ಕಂದಾದ ಮೇಲೆ ಬೀಜ ಬಿಡಿಸಿ ಬಿತ್ತಿದೆ. ಗಿಡಗಳು ಪೊಗದಸ್ತಾಗಿ ಬಂದವು. ಹೂ ಬಿಟ್ಟಾಗ ನೋಡಿದರೆ ಎಲ್ಲವೂ ಪೆಚ್ಚು ಗುಲಾಬಿ, ತೊಳೆದು ತೊಳೆದು ಬಣ್ಣ ಹೋದ ಟವೆಲಿನ ಹಾಗೆ. ಒಂದು ಮಾತ್ರ ಬೇರೆಯಾಗಿತ್ತು. ಅದೋ, ಬೆಳಗಿನಿಂದ ಕುದಿಸಿಟ್ಟ ಹೋಟೆಲ್ ಚಹಾದ ಬಣ್ಣ! ನನಗೆ ಅಳುವೇ ಬಂತು. ಮೊದಲು ಆ ಚಹಾವನ್ನೇ ಕಿತ್ತೆಸೆಯೋಣವೆಂದು ಬಗ್ಗಿದೆ.

"ಲೇ, ಅದರ ತಂಟೆಗೆ ಹೋಗ್ಬೇಡ!" ಅತ್ತೆ ಬರಿಗಾಲಲ್ಲಿ ಓಡಿಬಂದರು. "ನನ್ನ ಧಾರೆ ಸೀರೆ ಬಣ್ಣ ಕಣೇ ಅದು."

"ಧಾರೆಗೆ ಈ ಬಣ್ಣನಾ, ಅತ್ತೆ?"

"ನಮ್ಮಪ್ಪ ಆರಿಸಿ ತಂದಿದ್ದು. ಮದ್ವೆ ಮನೇಲಿ ಎಲ್ರೂ ನಕ್ರು. ನಂಗೆ ಮಾತ್ರ ಭಾಳ ಇಷ್ಟ ಆಗಿತ್ತು. ಉಟ್ಟು ಉಟ್ಟೇ ಹರಿದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಸೀರೆಯ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಕೈ ಹಿಂದೆಗೆದೆ.

ಅಂದಿನಿಂದ ಆ ಗಿಡ ಅವರ ಸ್ವತ್ತಾಯಿತು. ನೀರು ಅವರೇ ಹಾಕುವರು. ಹೂವಿಗೆ ಚೀಲ ಹೊಲಿಸಿಕೊಂಡರು, ಅದೂ ಜರಿಯಂಚಿನದು. ಬೀಜ ಕಟ್ಟಿದಾಗ ಅರ್ಧ ನನಗೆ ಕೊಟ್ಟು, ಉಳಿದರ್ಧವನ್ನು ಬುಕ್ಕಾಂಬುಧಿಯ ತಂಗಿಗೆ ಕಳಿಸಿದರು. "ಅಪರೂಪದ ಜಾತಿ, ಜೋಪಾನ" ಎಂದು ಫೋನಿನಲ್ಲಿ ಎಚ್ಚರಿಸಿದ್ದೂ ಆಯಿತು.

ಹೂ ಬಿಡುವ ಕಾಲಕ್ಕೆ ತಂಗಿಯ ದೂರು ಬಂತು: "ಏನಕ್ಕಾ, ಒಂದ್ ಬಣ್ಣ ಅಂದಿದ್ದೆ, ಇಲ್ಲಿ ಸಂತೆನೇ ನೆರೆದೈತೆ!"

"ಮಕ್ಳೆಲ್ಲ ಅವ್ವನ ಥರನೇ ಇರ್ತಾವಾ? ಬೇಕಾದ್ದನ್ನ ಇಟ್ಕೊ, ಮಿಕ್ಕಿದ್ದು ಕಿತ್ತಾಕು," ಎಂದು ಅತ್ತೆ ಪಾಠ ಹೇಳಿದರು. ಆಮೇಲೆ ತಂಗಿಯ ಕೈಯಲ್ಲಿ ಆ ಕೆಲಸ ಬಿಡಲು ಧೈರ್ಯ ಸಾಲದೆ, ಬಸ್ಸು ಹತ್ತಿ ತಾವೇ ಹೋದರು.

ಸಂಜೆ ಬಂದವರ ಮುಖ ಊದಿತ್ತು. "ಅವಳ ಅಂಗಳದಾಗೆ ಒಂದು ಹಸ್ರು ಹೂ ಬಿಟ್ಟೈತೆ ಕಣೇ, ಎಳೇ ಬಾಳೆ ಸುಳಿ ಬಣ್ಣ. ಬೀಜ ಕೊಡೇ ಅಂದ್ರೆ, ನೋಡಾನ ಅಂತಾಳೆ!"

ಈಗ ಅಕ್ಕತಂಗಿಯರಿಗೆ ಮಾತಿಲ್ಲ. ತಂಗಿ ನನಗೆ ಫೋನ್ ಮಾಡಿ ಅಕ್ಕನ ಮಂಡಿನೋವು ವಿಚಾರಿಸುತ್ತಾರೆ. ಅತ್ತೆ ಪಕ್ಕದಲ್ಲೇ ಕೂತು, ನನ್ನ ತೊಡೆ ಚಿವುಟಿ ಪಿಸುಗುಡುತ್ತಾರೆ:

"ಆ ಹಸ್ರು ಹೂ ಒಣಗ್ತಾ ಅಂತ ಕೇಳೇ."