ಕಾಲಿನ ಪಾಲಿನ ಪೆಟ್ಟು

೧೯೫೮ರ ಮಾಘ ಮಾಸದ ಆ ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟ ಮಂಜಿನೊಳಗೆ ಅಡಗಿ ಕುಳಿತಿತ್ತು. ಗುಂಡ್ಲುಪೇಟೆಯಲ್ಲಿ ಒಂದು ಜೊತೆ ಕಂಚಿನ ಕಂಸಾಳೆಯನ್ನು ವಸ್ತ್ರದಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದವರು ಈ ವರ್ಷ ನಿವೃತ್ತರಾಗುತ್ತಿರುವ ಲೆಕ್ಕದ ಮೇಷ್ಟ್ರು ಶ್ರೀ ಗಂಗಾಧರಸ್ವಾಮಿಯವರು. ದೇಶದೇಶಗಳ ತಾಳಗಳನ್ನು ಆಲಿಸಿ, ಎಣಿಸಿ, ಬರೆದಿಟ್ಟವರು ಈ ಸೀಮೆಯಲ್ಲಿ ಅವರೊಬ್ಬರೇ.

ಚಾಮರಾಜನಗರದ ಶಾಲೆಯಲ್ಲಿ ಸೇವೆಗೆ ಸೇರಿದಾಗಿನಿಂದ ಅವರ ಮೇಜಿನ ಮೇಲೆ ತಾಳ ಎಣಿಸುವ ಕಾಳಿನ ಡಬ್ಬಿ ಇದ್ದೇ ಇತ್ತು. ಪೆಟ್ಟಿಗೊಂದು ಅವರೆಕಾಳು, ಅರೆಪೆಟ್ಟಿಗೊಂದು ಹುರುಳಿಕಾಳು. ಭಿನ್ನರಾಶಿ ತಿಳಿಯದ ಮಕ್ಕಳಿಗೂ ಅದರಲ್ಲೇ ಪಾಠ. ಪಾಠ ಮುಗಿದ ಮೇಲೆ ಅವೇ ಕಾಳುಗಳನ್ನು ಬೇಯಿಸಿ ಹಂಚುವರು, ಹಸಿದು ಬಂದವರಿಗೆ ಒಂದು ಹಿಡಿ ಹೆಚ್ಚು. ಗುಂಡ್ಲುಪೇಟೆಗೆ ವರ್ಗವಾದ ಮೇಲೆ ಗಡಿಯ ಮದ್ದೂರಿನ ದಾರಿಯಾಗಿ ಬರುವ ಮಲೆಯಾಳದ ಚೆಂಡೆಯವರನ್ನು ಮನೆಗೆ ಕರೆದು ಉಣ್ಣಿಸಿ ಕೇಳಿದರು. ಸೈನ್ಯದಿಂದ ಮರಳಿದ ದೊಡ್ಡಮಲ್ಲಪ್ಪನವರ ಗ್ರಾಮಫೋನಿನಲ್ಲಿ ಜಾವಾ, ಆಫ್ರಿಕಾಗಳ ತಾಳಗಳನ್ನೂ ಕೇಳಿದರು.

ಇಂಥವರೂ ಒಮ್ಮೆ ಎಡವಿದರು. ಮೂರು ವರ್ಷದ ಹಿಂದೆ ಚಾಮರಾಜನಗರದ ಹತ್ತಿರದ ಕುದೇರಿನಲ್ಲಿ, ಮಾದಪ್ಪನ ದೀಕ್ಷೆ ಪಡೆದ ಕೆಂಪಯ್ಯನ ಕಂಸಾಳೆ ಕೇಳಲು ಹೋಗಿ, ಕುಣಿತದ ಗದ್ದಲದಲ್ಲಿ ಎಣಿಕೆ ತಪ್ಪೀತೆಂದು ಅವನನ್ನು ಜಗಲಿಯ ಮೇಲೆ ಕೂರಿಸಿ ಬಾರಿಸಲು ಹೇಳಿದರು. ಪೆಟ್ಟಿಗೊಂದರಂತೆ ಏಳು ಕಾಳು ಬಿದ್ದವು. ಎಂಟನೆಯ ಜಾಗ ಖಾಲಿ.

“ಎಂಟನೇದು ನುಂಗ್ಬಿಡ್ತೀಯಲ್ಲ ಕೆಂಪಯ್ಯ. ತಪ್ಪು ಕಣಪ್ಪ” ಎಂದರು, ಊರವರೆದುರೇ.

ಕೆಂಪಯ್ಯ ಆ ಖಾಲಿ ಜಾಗವನ್ನೇ ನೋಡಿದ. “ನಮ್ಮಪ್ಪ ಕಲ್ಸಿದ್ದು ಬುದ್ಧಿ. ತಪ್ ತಾಳವ ಮಾದಪ್ಪನ ಮುಂದೆ ಎಂಗ್ ಬಾರ್ಸನ? ನೀವೇ ಮಡಿಕ್ಕಳಿ” ಎಂದು ಕಂಸಾಳೆಯನ್ನು ಅವರ ಮುಂದಿಟ್ಟು ಎದ್ದುಹೋದ. ಅನಂತರದ ಎರಡು ಶಿವರಾತ್ರಿಗೂ ಬರಿಗೈಯಲ್ಲೇ ಮಾದಪ್ಪನ ಬೆಟ್ಟಕ್ಕೆ ನಡೆದನೆಂದು ಅವನ ಹೆಂಡತಿ ರಾಚಮ್ಮ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಮೇಷ್ಟ್ರಿಗೆ ಅನ್ನ ರುಚಿಸಲಿಲ್ಲ. ಆದರೂ ಲೆಕ್ಕ ತಮ್ಮದೇ ಸರಿಯೆಂದು ನಂಬಿದ್ದರು.

ಕಳೆದ ತಿಂಗಳು ಆಫ್ರಿಕಾದ ಡೋಲಿನ ಗ್ರಾಮಫೋನ್ ಪ್ಲೇಟೊಂದರಲ್ಲಿ ಅಂಥದೇ ಖಾಲಿ ಜಾಗ ಸಿಕ್ಕಿತು.

“ಇವನೂ ನುಂಗ್ತಾನಲ್ಲ!” ಎಂದರು ಮೇಷ್ಟ್ರು.

ದೊಡ್ಡಮಲ್ಲಪ್ಪನವರು ನಕ್ಕುಬಿಟ್ಟರು. “ಅಯ್ಯೋ ಮೇಷ್ಟ್ರೇ, ಅಲ್ಲಿ ಕಾಲು ಬೀಳ್ತದೆ ಕಣ್ರೀ! ನೂರು ಕಾಲು ಒಟ್ಗೆ, ದಡಾರಂತ. ನಾನೇ ನೋಡಿವ್ನಿ. ಈ ಪ್ಲೇಟ್‌ಗೆ ಡೋಲಿನೋರ್ನ ಮಾತ್ರ ಕರ್ದವ್ರೆ, ಕುಣಿಯೋರ್ನ ಬುಟ್ಬುಟ್ಟವ್ರೆ.”

ಮೇಷ್ಟ್ರ ಕೈಯಲ್ಲಿದ್ದ ಕಾಳು ಅಲ್ಲೇ ನಿಂತಿತು. ಕೆಂಪಯ್ಯನನ್ನು ಕೂರಿಸಿದವರು ತಾವೇ ಅಲ್ಲವೇ!

ಬೀಳ್ಕೊಡುವ ಈ ಹೊತ್ತಿನಲ್ಲಿ ನಮ್ಮ ಮೇಷ್ಟ್ರಿಗೆ ಮಾದಪ್ಪ ನೂರು ವರ್ಷ ಆಯಸ್ಸು ಕೊಡಲಿ. ಇವರ ಕಿವಿಗೆ ಬೀಳಬೇಕಾದ ತಾಳಗಳು ಲೋಕದಲ್ಲಿ ಇನ್ನೂ ಬಹಳ ಉಳಿದಿವೆ. ಮಂಜಿನ ಆ ದಿನ ಕುದೇರಿನಲ್ಲಿ ನಡೆದುದನ್ನು ಹೇಳಿ ಮುಗಿಸುತ್ತೇವೆ.

ಅದೇ ಜಗಲಿ, ಅದೇ ಜನ. ಮೇಷ್ಟ್ರು ಏಳು ಕಾಳಿಟ್ಟು, ಎಂಟನೆಯದಕ್ಕೆ ತಮ್ಮ ಕಾಲನ್ನೇ ನೆಲಕ್ಕೆ ಬಡಿದರು.

“ಕೂರಿಸಿದ್ದು ನಾನು ಕೆಂಪಯ್ಯ. ತಪ್ಪು ನನ್ನದು.”

“ಅಂಗಾರೆ ಈ ಸಲ ನೀವು ಕುಂತ್ಕಳಿ ಬುದ್ಧಿ, ನಾ ನಿಂತ್ಕತೀನಿ” ಎಂದ ಕೆಂಪಯ್ಯ. ಜನ ನಕ್ಕರು.

ಶಿವರಾತ್ರಿಗೆ ಇನ್ನು ಹದಿನೈದು ದಿನವಿತ್ತು. ಮೇಷ್ಟ್ರು ಜಗಲಿಯಿಂದ ಕೆಳಗಿಳಿದು, ವಸ್ತ್ರ ಬಿಚ್ಚಿ, ಎರಡೂ ಕೈಯಲ್ಲಿ ಕಂಸಾಳೆಯನ್ನು ಅವನಿಗೆ ನೀಡಿದರು.